ಕೌಲು ಎಂಬ ಕವಲು

ಸಂಕ್ರಾಂತಿಯ ಹಿಂದಿನ ದಿನ, ಬಳ್ಳಾರಿಯ ಕೌಲ್ ಬಜಾರಿನ ಒಂದು ಮನೆ. ಬೆಳಗಿನಿಂದ ಒಲೆ ಆರಿಲ್ಲ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಒಂದೊಂದಾಗಿ ಬೆಂದು ಬುಟ್ಟಿಗೆ ಬೀಳುತ್ತಿವೆ. ರೊಟ್ಟಿ ಬಡಿಯುತ್ತಲೇ ಅವ್ವ ಮಗಳಿಗೆ ಹೇಳುತ್ತಾಳೆ: "ಹಂಚು ಬಾಳ ಕಾದೈತಿ, ಉರಿ ಸಣ್ಣಗೆ ಮಾಡು. ಬುಟ್ಟ್ಯಾಗಿನವು ತಗಂಡೋಗಿ ಓಣ್ಯಾಗ ಹಂಚು." ಒಂಬತ್ತು ವರ್ಷದ ಹುಡುಗಿ ಮೊದಲು ಬಗ್ಗಿ ಉರಿ ತಗ್ಗಿಸುತ್ತಾಳೆ, ಆಮೇಲೆ ಬುಟ್ಟಿ ಎತ್ತಿಕೊಂಡು ಹೊರಗೆ ಓಡುತ್ತಾಳೆ.

ಎರಡು ಉಸಿರಿನಲ್ಲಿ ಒಂದೇ ಸದ್ದು ಎರಡು ಸಲ ಬಂತು. ಮೊದಲ ಹಂಚು ಒಲೆಯ ಮೇಲಿನ ವಸ್ತು, ಎರಡನೆಯದು ಕೈಯಿಂದ ಮಾಡುವ ಕೆಲಸ. ಹುಡುಗಿ ಒಂದು ಕ್ಷಣವೂ ತಡವರಿಸಲಿಲ್ಲ. ಯಾವ ಹಂಚು ಎಂದು ಕೇಳಲಿಲ್ಲ, ಕೇಳಬೇಕೆಂದು ಅವಳಿಗೆ ಹೊಳೆಯಲೂ ಇಲ್ಲ. ಇಷ್ಟು ಸಲೀಸಾಗಿ ನಡೆದುಹೋಗುವ ಈ ಕೆಲಸ ಮನಸ್ಸಿನ ಅತ್ಯಂತ ಸೂಕ್ಷ್ಮವಾದ ಕೆಲಸಗಳಲ್ಲಿ ಒಂದು. ಅದು ನಡೆಯುವ ಬಗೆ ಗೊತ್ತಾಗಲು 1979ರವರೆಗೆ ಕಾಯಬೇಕಾಯಿತು.

ಮೊದಲು ಹಂಚನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ರೊಟ್ಟಿ ಸುಡುವುದೂ ಹಂಚು, ಮನೆಯ ಮೇಲೆ ಹೊದಿಸುವುದೂ ಹಂಚು, ಒಡೆದ ಮಡಕೆಯ ಚೂರೂ ಹಂಚು. ಕೆಲವರು ಹೆಂಚು ಎಂದು ಬರೆಯುತ್ತಾರೆ. ಈ ಮೂರೂ ಒಂದೇ ಬಳ್ಳಿಯ ಕಾಯಿಗಳು: ಸುಟ್ಟ ಮಣ್ಣಿನ ತುಂಡು ಎಂಬುದೇ ಬೇರು. ಕಬ್ಬಿಣದ ಹಂಚು ಬರುವ ಮೊದಲು ಒಲೆಯ ಮೇಲೆ ಇದ್ದದ್ದು ಮಣ್ಣಿನ ಹಂಚೇ. ಆದರೆ ಓಣಿಗೆ ರೊಟ್ಟಿ ಹಂಚುವ ಹಂಚಿಗೂ ಮಣ್ಣಿಗೂ ನಂಟಿಲ್ಲ. ಅದು ಪಾಲು ಮಾಡು ಎಂಬ ಅರ್ಥದ ಬೇರೆಯೇ ದ್ರಾವಿಡ ಕ್ರಿಯಾಪದ. ತೆಲುಗಿನಲ್ಲಿ ಅದಿನ್ನೂ ಪಂಚು ಎಂದೇ ಉಳಿದಿದೆ. ಹೀಗೆ ಬಹ್ವರ್ಥದಲ್ಲಿ ಎರಡು ಜಾತಿ. ಒಂದು, ಒಂದೇ ಪದ ಬೆಳೆದು ಹಲವು ಅರ್ಥಗಳಾಗಿ ಹರಡುವುದು. ಇನ್ನೊಂದು, ಸಂಬಂಧವಿಲ್ಲದ ಎರಡು ಪದಗಳು ಕಾಲಕಾಲಕ್ಕೆ ಸವೆದು ಒಂದೇ ಸದ್ದಿಗೆ ಬಂದು ಕೂರುವುದು. ನಿಘಂಟು ಮಾಡುವವರು ಮೊದಲನೆಯದನ್ನು ಒಂದೇ ಉಲ್ಲೇಖದ ಕೆಳಗೆ ಜೋಡಿಸುತ್ತಾರೆ, ಎರಡನೆಯದಕ್ಕೆ ಬೇರೆ ಉಲ್ಲೇಖ ಕೊಟ್ಟು ಅಂಕೆ ಹಾಕುತ್ತಾರೆ. ಇದು ಅಚ್ಚಿನ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು ಮಾತ್ರವಲ್ಲ. 2002ರಲ್ಲಿ ಜೆನಿಫರ್ ರಾಡ್ ಮತ್ತು ಸಂಗಡಿಗರು ಇಂಗ್ಲಿಷ್ ಪದಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ನಂಟಿರುವ ಹಲವು ಅರ್ಥಗಳ ಪದವನ್ನು ಜನ ಬೇಗ ಗುರುತಿಸಿದರು. ನಂಟಿಲ್ಲದ ಅರ್ಥಗಳನ್ನು ಹೊತ್ತ ಪದಕ್ಕೆ ತುಸು ಹೆಚ್ಚು ಹೊತ್ತು ತೆಗೆದುಕೊಂಡರು. ನಿಘಂಟಿನ ಪುಟದಲ್ಲಿರುವ ಭೇದ ಮಿದುಳಿನಲ್ಲೂ ಇದೆ ಎಂದಾಯಿತು.

ಇನ್ನು 1979ರ ಪ್ರಯೋಗ. ಅದನ್ನು ಮಾಡಿದವರು ಡೇವಿಡ್ ಸ್ವಿನ್ನಿ ಎಂಬ ಅಮೆರಿಕದ ಮನೋವಿಜ್ಞಾನಿ. ಆಗ ವಿದ್ವಾಂಸರಲ್ಲಿ ಎರಡು ಪಕ್ಷ. ಸಂದರ್ಭ ಸ್ಪಷ್ಟವಾಗಿದ್ದರೆ ಮನಸ್ಸು ಬೇಕಾದ ಅರ್ಥವನ್ನು ಮಾತ್ರ ತೆರೆಯುತ್ತದೆ, ಬೇಡದ್ದರ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಒಂದು ಪಕ್ಷ. ಎಲ್ಲ ಅರ್ಥಗಳೂ ಒಮ್ಮೆಲೇ ಏಳುತ್ತವೆ, ಆಮೇಲೆ ಆಯ್ಕೆ ನಡೆಯುತ್ತದೆ ಎಂದು ಇನ್ನೊಂದು. ಯಾರನ್ನಾದರೂ ಕೇಳಿದರೆ ಮೊದಲನೆಯದೇ ಸರಿ ಅನ್ನುತ್ತಾರೆ. ನಮ್ಮ ಅನುಭವವೂ ಹಾಗೆಯೇ ಹೇಳುತ್ತದೆ.

ಸ್ವಿನ್ನಿ ಆರಿಸಿಕೊಂಡ ಪದಗಳಲ್ಲಿ ಒಂದು ಇಂಗ್ಲಿಷಿನ 'ಬಗ್'. ಅದಕ್ಕೆ ಹುಳು ಎಂಬ ಅರ್ಥವಿದೆ, ಗುಟ್ಟಾಗಿ ಮಾತು ಕದ್ದು ಕೇಳಲು ಗೋಡೆಯಲ್ಲಿ ಅಡಗಿಸಿಡುವ ಪುಟ್ಟ ಮೈಕು ಎಂಬ ಅರ್ಥವೂ ಇದೆ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಒಂದು ಕಥೆ ಓಡುತ್ತದೆ: ಕೋಣೆಯ ಮೂಲೆಯಲ್ಲಿ ಜೇಡ, ಜಿರಳೆ ಮತ್ತಿತರ ಬಗ್‌ಗಳು ಸಿಕ್ಕವು. ಜೇಡ, ಜಿರಳೆ ಎಂದಮೇಲೆ ಹುಳುವೇ ಎಂಬುದರಲ್ಲಿ ಅನುಮಾನವಿಲ್ಲ. ಬಗ್ ಎಂಬ ಪದ ಮುಗಿದ ಗಳಿಗೆಯಲ್ಲೇ ಕಣ್ಣೆದುರಿನ ಪರದೆಯ ಮೇಲೆ ಒಂದು ಅಕ್ಷರಗುಂಪು ಮಿಂಚುತ್ತದೆ. ಅದು ನಿಜವಾದ ಪದವೋ ಬರೀ ಅಕ್ಷರಗಳೋ ಎಂದು ಗುಂಡಿ ಒತ್ತಿ ಹೇಳಬೇಕು. ಒಮ್ಮೆ 'ಇರುವೆ' ಬರುತ್ತದೆ, ಒಮ್ಮೆ 'ಗೂಢಚಾರ', ಒಮ್ಮೆ ಎರಡಕ್ಕೂ ಸೇರದ 'ಹೊಲಿಗೆ'ಯ ಪದ. ಮನಸ್ಸಿನಲ್ಲಿ ಒಂದು ಅರ್ಥ ಎಚ್ಚೆತ್ತಿದ್ದರೆ ಅದರ ನೆಂಟ ಪದಗಳನ್ನು ಜನ ಕೂಡಲೇ ಗುರುತಿಸುತ್ತಾರೆ. ಇರುವೆಗೆ ಬೆರಳು ಬೇಗ ಓಡಿತು, ನಿರೀಕ್ಷೆಯಂತೆ. ಆದರೆ ಗೂಢಚಾರನಿಗೂ ಅಷ್ಟೇ ಬೇಗ ಓಡಿತು! ಜೇಡ ಜಿರಳೆಗಳ ನಡುವೆ ಕುಳಿತವರ ತಲೆಯಲ್ಲಿ ಗೂಢಚಾರ ಎದ್ದು ನಿಂತಿದ್ದ, ಅವರಿಗೇ ತಿಳಿಯದಂತೆ.

ಸ್ವಿನ್ನಿ ಅಲ್ಲಿಗೆ ನಿಲ್ಲಿಸಲಿಲ್ಲ. ಎರಡನೆಯ ಸುತ್ತಿನಲ್ಲಿ ಪರದೆಯ ಪದವನ್ನು ಮೂರು ಅಕ್ಷರ ಉಚ್ಚರಿಸುವಷ್ಟು ತಡಮಾಡಿ ತೋರಿಸಿದರು, ಅಂದರೆ ಸುಮಾರು ಮುಕ್ಕಾಲರಿಂದ ಒಂದು ಸೆಕೆಂಡು. ಈಗ ಇರುವೆ ಮಾತ್ರ ಚುರುಕು. ಗೂಢಚಾರ ತಣ್ಣಗಾಗಿದ್ದ. ಹೀಗೆ ಮನಸ್ಸು ಮೊದಲು ಎಲ್ಲ ಬಾಗಿಲು ತೆರೆಯುತ್ತದೆ, ಒಂದು ಸೆಕೆಂಡಿನೊಳಗೆ ಬೇಡದ್ದನ್ನು ಮುಚ್ಚಿಬಿಡುತ್ತದೆ. ಮುಚ್ಚಿದ ಮೇಲಷ್ಟೇ ನಮಗೆ ಎಚ್ಚರ. ಆದ್ದರಿಂದಲೇ ಮೊದಲಿನಿಂದ ಒಂದೇ ಬಾಗಿಲಿತ್ತು ಎಂದು ನಂಬಿರುತ್ತೇವೆ.

ನಂತರದ ಸಂಶೋಧನೆ ಇದಕ್ಕೊಂದು ತಿದ್ದುಪಡಿ ತಂದಿತು: ಎಲ್ಲ ಬಾಗಿಲುಗಳೂ ಒಂದೇ ವೇಗದಲ್ಲಿ ತೆರೆಯುವುದಿಲ್ಲ. 1988ರಲ್ಲಿ ಸೂಸನ್ ಡಫಿ, ರಾಬಿನ್ ಮಾರಿಸ್ ಮತ್ತು ಕೀತ್ ರೇನರ್ ಓದುಗರ ಕಣ್ಣಿನ ಚಲನೆಯನ್ನು ಅಳೆದರು. ಪದದ ಎರಡು ಅರ್ಥಗಳೂ ಸಮಬಲದವಾಗಿದ್ದು ಹಿಂದಿನ ಸಾಲು ಸುಳಿವು ಕೊಡದಿದ್ದರೆ ಕಣ್ಣು ಆ ಪದದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಒಂದು ಅರ್ಥ ಬಹಳ ಬಳಕೆಯದಾಗಿದ್ದು ಸಂದರ್ಭ ಅಪರೂಪದ ಅರ್ಥವನ್ನು ಕೇಳಿದರೂ ಕಣ್ಣು ತಡೆಯುತ್ತದೆ. ಬಳಕೆಯ ಅರ್ಥ ಕರೆಯದೆಯೇ ಬಂದು ಬಾಗಿಲಲ್ಲಿ ನಿಂತಿರುತ್ತದೆ, ಅದನ್ನು ಸರಿಸಿಕೊಂಡು ಒಳಗೆ ಹೋಗಬೇಕು.

ಕನ್ನಡದ ಕಿವಿಗೆ ಇನ್ನೊಂದು ಆಸರೆ ಇದೆ: ಪದ ಕೂತ ಜಾಗ, ಅದಕ್ಕೆ ಅಂಟಿದ ಪ್ರತ್ಯಯ. ಬಳ್ಳಾರಿಯ ಎರೆಭೂಮಿಯ ಬೆಳೆ ಹತ್ತಿ. 'ಹತ್ತಿ ಲಾರಿ' ಅಂದರೆ ಹತ್ತಿ ತುಂಬಿದ ಲಾರಿ. ತಿರುಗಿಸಿ 'ಲಾರಿ ಹತ್ತಿ' ಅನ್ನಿ, ಹತ್ತಿ ಮಾಯವಾಗಿ ಒಬ್ಬ ಮನುಷ್ಯ ಲಾರಿ ಏರಿಬಿಟ್ಟ. ಪದಗಳು ಅವೇ ಎರಡು, ಕೂತ ಜಾಗ ಮಾತ್ರ ಬೇರೆ. ವಿಭಕ್ತಿ ಬಂದರಂತೂ ಕೆಲಸ ಇನ್ನೂ ಹಗುರ. ಹತ್ತಿಯನ್ನು, ಹತ್ತಿಗೆ ಎಂದರೆ ಬೆಳೆ; ಹತ್ತಿದ, ಹತ್ತುವ ಎಂದರೆ ಏರುವುದು. ಇಂಗ್ಲಿಷ್ ಪದವೊಂದು ಸಂದರ್ಭಕ್ಕೆ ಬಿಟ್ಟುಕೊಡುವ ಎಷ್ಟೋ ಕೆಲಸವನ್ನು ಕನ್ನಡದ ಪ್ರತ್ಯಯ ತಾನೇ ಮಾಡಿ ಮುಗಿಸುತ್ತದೆ. ಪಾಶ್ಚಾತ್ಯ ಪ್ರಯೋಗಗಳನ್ನು ಹಾಗೆಯೇ ನಮ್ಮ ಭಾಷೆಗೆ ಅನ್ವಯಿಸಿಕೊಳ್ಳುವಾಗ ಈ ವ್ಯತ್ಯಾಸ ಮರೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪ್ರಯೋಗಶಾಲೆ ಇಲ್ಲದ ಕಾಲದಲ್ಲೇ ಈ ಪ್ರಶ್ನೆಯನ್ನು ಆಳವಾಗಿ ಯೋಚಿಸಿದವನು ಭರ್ತೃಹರಿ. ಕ್ರಿಸ್ತಶಕ ಐದನೆಯ ಶತಮಾನದ ಸುಮಾರಿನ ಈ ವ್ಯಾಕರಣಕಾರ ತನ್ನ ವಾಕ್ಯಪದೀಯದ ಎರಡನೆಯ ಕಾಂಡದಲ್ಲಿ, ಅನೇಕಾರ್ಥದ ಪದವೊಂದು ಯಾವುದರಿಂದ ಒಂದೇ ಅರ್ಥಕ್ಕೆ ಕಟ್ಟುಬೀಳುತ್ತದೆ ಎಂದು ಎಣಿಸಿ ಹೇಳಿದ್ದಾನೆ. ಜೊತೆಗಿರುವ ವಸ್ತು, ಜೊತೆಗಿಲ್ಲದ ವಸ್ತು, ಹಗೆತನ, ಪ್ರಕರಣ, ಪಕ್ಕದ ಪದ, ಔಚಿತ್ಯ, ದೇಶ, ಕಾಲ, ಲಿಂಗ, ಸ್ವರದ ಏರಿಳಿತ ಹೀಗೆ. ನಮ್ಮ ಪಂಡಿತರು ಕೊಡುತ್ತಿದ್ದ ಹಳೆಯ ಉದಾಹರಣೆ ಸೈಂಧವ. ಸಿಂಧೂ ನಾಡಿನದು ಎಂಬುದು ಮೂಲಾರ್ಥ. ಊಟಕ್ಕೆ ಕುಳಿತವನು ಸೈಂಧವ ತಾ ಅಂದರೆ ಉಪ್ಪು ತರಬೇಕು, ಪ್ರಯಾಣಕ್ಕೆ ಹೊರಟವನು ಅದೇ ಮಾತು ಹೇಳಿದರೆ ಕುದುರೆ. ಬಯಲಾಟ ನೋಡಿ ಬೆಳೆದ ಕನ್ನಡಿಗನ ಕಿವಿಯಲ್ಲಿ ಮೂರನೆಯ ಬಾಗಿಲೂ ತೆರೆಯುತ್ತದೆ: ಅಭಿಮನ್ಯುವಿನ ಸಾವಿಗೆ ಕಾರಣನಾದ ಸೈಂಧವ.

ಭರ್ತೃಹರಿಯ ಪಟ್ಟಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು 'ದೇಶ', ಅಂದರೆ ಮಾತು ನಡೆಯುವ ಜಾಗ. ಅದರ ಅರ್ಥ ಬಳ್ಳಾರಿಯಲ್ಲಿ ದಿನವೂ ಕಾಣುತ್ತದೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಇದು ಮದ್ರಾಸಿನ ಆಡಳಿತಕ್ಕೆ ಸೇರಿದ ಜಿಲ್ಲೆ. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಓಣಿಯ ನೀರು ಕುಡಿದು ಬೆಳೆದಿವೆ. ಕನ್ನಡದ ಮನೆಯಲ್ಲಿ ಅವ್ವ ಅಂದರೆ ತಾಯಿ. ಪಕ್ಕದ ರಾಯಲಸೀಮೆಯ ತೆಲುಗಿನ ಮನೆಯಲ್ಲಿ ಅವ್ವ ಅಂದರೆ ಅಜ್ಜಿ. ತೆಲುಗಿನಲ್ಲಿ ಚೆಪ್ಪು ಎಂದರೆ ಹೇಳು ಎಂದೂ ಆಗುತ್ತದೆ, ಕಾಲಿಗೆ ಹಾಕುವ ಚಪ್ಪಲಿ ಎಂದೂ ಆಗುತ್ತದೆ. ಉರ್ದುವಿನ ಕಲ್ ನಿನ್ನೆಯೂ ಹೌದು, ನಾಳೆಯೂ ಹೌದು. ಓಣಿಯ ಮಕ್ಕಳು ಯಾರ ಹೊಸ್ತಿಲ ಮುಂದೆ ನಿಂತಿದ್ದೇವೆ ಎಂಬುದರ ಮೇಲೆಯೇ ಇವನ್ನೆಲ್ಲ ಸರಿಯಾಗಿ ಬಿಡಿಸಿಕೊಳ್ಳುತ್ತಾರೆ. ಹಾಗಾದರೆ ತೆಲುಗಿನ ಮನೆಯಲ್ಲಿ ನಿಂತಾಗ ಕನ್ನಡ ನಿದ್ದೆ ಹೋಗಿರುತ್ತದೆಯೇ? ಇಲ್ಲ. 1999ರಲ್ಲಿ ಮೈಕೆಲ್ ಸ್ಪೈವಿ ಮತ್ತು ವಯೋರಿಕಾ ಮರಿಯನ್ ರಷ್ಯನ್ ಹಾಗೂ ಇಂಗ್ಲಿಷ್ ಎರಡೂ ಬಲ್ಲವರ ಮುಂದೆ ಕೆಲವು ವಸ್ತು ಇಟ್ಟು, ರಷ್ಯನ್ನಿನಲ್ಲಿ 'ಮಾರ್ಕು' ಇನ್ನೊಂದೆಡೆ ಇಡಿ ಅಂದರು, ಅಂದರೆ ಅಂಚೆಚೀಟಿ. ಅವರ ಕಣ್ಣು ಅಂಚೆಚೀಟಿಗೆ ಹೋಗುವ ಮುನ್ನ ಎಷ್ಟೋ ಸಲ ಅಲ್ಲೇ ಇದ್ದ ಮಾರ್ಕರ್ ಪೆನ್ನಿನ ಕಡೆ ಸರಿದುಬಂತು. ಎರಡು ಭಾಷೆ ಬಲ್ಲವರ ತಲೆಯಲ್ಲಿ ಎರಡೂ ದೀಪ ಉರಿಯುತ್ತಲೇ ಇರುತ್ತವೆ.

ಈಗ ಬಜಾರಿನ ಹೆಸರಿಗೇ ಬರುತ್ತೇನೆ. ಕೌಲ್ ಎಂಬ ಸದ್ದು ನಿಜವಾದ ಕವಲುದಾರಿ. ಇಂಗ್ಲಿಷ್ ಫಲಕದಲ್ಲಿ ಓದಿದರೆ ಕ್ರೈಸ್ತ ಸನ್ಯಾಸಿಗಳ ತಲೆಮುಸುಕು. ಕಾಶ್ಮೀರದವರಿಗೆ ಮನೆತನದ ಹೆಸರು. ಕಮಲಾ ನೆಹರು ಹುಟ್ಟಿದ್ದು ಕೌಲ್ ಮನೆತನದಲ್ಲಿ. ಮರಾಠಿಗರಿಗೆ ಮನೆಯ ಮೇಲಿನ ಹಂಚೂ ಕೌಲ್, ದೇವರು ಹೂ ಬೀಳಿಸಿ ಕೊಡುವ ಅಪ್ಪಣೆಯೂ ಕೌಲ್, ಚುನಾವಣೆಯಲ್ಲಿ ಜನ ಕೊಡುವ ತೀರ್ಪೂ ಕೌಲ್. ಕನ್ನಡದಲ್ಲಂತೂ ಕೊಂಬೆ ಒಡೆಯುವ ಕವಲು, ಬಾಯಲ್ಲಿ ಬೇಗ ಆಡಿದರೆ ಕೌಲು ಆಗಿಬಿಡುತ್ತದೆ, ಕವುದಿ ಕೌದಿಯಾದ ಹಾಗೆ.

ಬಜಾರಿನ ಕೌಲು ಇವುಗಳಲ್ಲಿ ತಲೆಮುಸುಕೂ ಅಲ್ಲ, ಹಂಚೂ ಅಲ್ಲ, ಕೊಂಬೆಯೂ ಅಲ್ಲ. ಅದು ಅರಬ್ಬಿಯ 'ಕೌಲ್'. ಅದರ ಮೊದಲ ಅರ್ಥ ಹೇಳಿದ್ದು, ಮಾತು. ಉರುಸಿನ ರಾತ್ರಿ ಹಾಡುವ ಕವ್ವಾಲಿಯೂ ಇದೇ ಧಾತುವಿನ ಕೂಸು. ಹೇಳಿದ ಮಾತು ಕೊಟ್ಟ ಮಾತಾಯಿತು, ಕೊಟ್ಟ ಮಾತು ಕರಾರಾಯಿತು, ಕರಾರು ಕಾಗದಕ್ಕೆ ಇಳಿದು ಗುತ್ತಿಗೆ ಪತ್ರವಾಯಿತು. ದಖನ್ನಿನ ಆಡಳಿತದಲ್ಲಿ ಪಾಳುಬಿದ್ದ ನೆಲವನ್ನು ಉಳಲು ರೈತರನ್ನು ಕರೆಯುವಾಗ, ಹೊಸ ಪೇಟೆ ಕಟ್ಟಲು ವರ್ತಕರನ್ನು ಕರೆಯುವಾಗ ಇಷ್ಟು ವರ್ಷ ತೆರಿಗೆ ಇಲ್ಲ, ಆಮೇಲೆ ಇಷ್ಟಿಷ್ಟು ಎಂದು ಬರೆದು ಕೊಡುತ್ತಿದ್ದ ಭರವಸೆಯೇ ಕೌಲು. ಯುದ್ಧಕಾಲದಲ್ಲಿ ಅದಕ್ಕೆ ಇನ್ನೊಂದು ಮುಖ: ಶರಣಾದವರಿಗೆ ಕೊಡುವ ಅಭಯ. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಪ್ರಕಟಿಸಿದ ಹಾಬ್ಸನ್-ಜಾಬ್ಸನ್ ಎಂಬ ಪದಕೋಶದಲ್ಲಿ ಈ ಎರಡೂ ಅರ್ಥ ದಾಖಲಾಗಿವೆ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಇಲ್ಲಿ ದಂಡು ಬೆಳೆಯಿತು. ದಂಡಿಗೆ ದಿನಸಿ, ಬಟ್ಟೆ, ದುಡಿಯುವ ಕೈ ಬೇಕು. ಕೌಲು ಕೊಟ್ಟು ಕರೆತಂದು ಕೂರಿಸಿದವರ ಬಜಾರೇ ಕೌಲ್ ಬಜಾರ್. ಚೆನ್ನೈಯಲ್ಲಿ ಪಲ್ಲಾವರಂ ದಂಡಿನ ಹತ್ತಿರವೂ ಒಂದು ಕೌಲ್ ಬಜಾರ್ ಇದೆ.

ಮಾತು ಹೋಗಿ ಕರಾರು ಆಗುವುದು ಅರಬ್ಬಿಗೆ ಮಾತ್ರ ಸೇರಿದ ದಾರಿಯಲ್ಲ. ನಾವೂ ಮಾತು ಕೊಡುತ್ತೇವೆ, ಮಾತು ಉಳಿಸಿಕೊಳ್ಳುತ್ತೇವೆ, ಮದುವೆಗೆ ಮಾತುಕತೆ ಮುಗಿಸುತ್ತೇವೆ. ಏಳು ಸಮುದ್ರದಾಚೆ ಸ್ಪೇನಿನವರ 'ಪಲಾಬ್ರಾ'ವನ್ನು ನೋಡಿ. ಅದಕ್ಕೆ ಪದ ಎಂಬ ಅರ್ಥ, ಕೊಟ್ಟ ವಚನ ಎಂಬ ಅರ್ಥ, ಸಭೆಯಲ್ಲಿ ಮಾತಾಡುವ ಸರದಿ ಎಂಬ ಅರ್ಥ. ಸ್ಪ್ಯಾನಿಷ್ ಕಲಿಯುವ ಕನ್ನಡಿಗನಿಗೆ ಇದು ಕಷ್ಟವಾಗುವುದೇ ಇಲ್ಲ, ಏಕೆಂದರೆ ನಮ್ಮ 'ಮಾತು' ಈ ದಾರಿಯಲ್ಲಿ ಆಗಲೇ ನಡೆದಿದೆ. ಹೊರಗಿನ ಭಾಷೆಯ ಪದವನ್ನು ಅರ್ಥಗಳ ಪಟ್ಟಿಯಾಗಿ ಬಾಯಿಪಾಠ ಮಾಡುವುದಕ್ಕಿಂತ ಅದು ನಡೆದು ಬಂದ ದಾರಿ ಹಿಡಿಯುವುದು ಮೇಲು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಸ್ಪ್ಯಾನಿಷಿನಲ್ಲಿ ನಮ್ಮ ಕಂದಾಯ ಕಚೇರಿಯ ನೆಂಟನೊಬ್ಬನೂ ಇದ್ದಾನೆ. ಕೊಡುವವರು ಬರೆಯುವುದು ಕೌಲು. ಪಡೆಯುವವರು ಒಪ್ಪಿ ಬರೆದುಕೊಡುವುದು ಕಬೂಲಾಯತು. ಕಬೂಲು, ಅಂದರೆ ಒಪ್ಪಿಗೆ, ಅರಬ್ಬಿಯ ಇನ್ನೊಂದು ಧಾತು. 711ರಿಂದ ಹಲವು ಶತಮಾನ ಅರಬ್ಬಿ ಆಡುವವರ ಆಳ್ವಿಕೆ ಕಂಡ ಸ್ಪೇನಿಗೆ ಅದೇ ಧಾತುವಿನಿಂದ 'ಅಲ್ಕಬಾಲಾ' ಹೋಯಿತು. ಕ್ಯಾಸ್ಟೀಲಿನ ರಾಜರು ಸರಕು ಮಾರಿದವರಿಂದ ವಸೂಲು ಮಾಡುತ್ತಿದ್ದ ತೆರಿಗೆಯ ಹೆಸರು ಅದು. ಹಡಗು ಹತ್ತಿ ಅಮೆರಿಕಕ್ಕೂ ಹೋಯಿತು. ತೆರಿಗೆ ಎಂದೋ ಹೋಯಿತು. ವೆನೆಜುವೆಲಾ, ಕೊಲಂಬಿಯಾಗಳಲ್ಲಿ ಈಗ ಅಲ್ಕಬಾಲಾ ಎಂದರೆ ಹೆದ್ದಾರಿಯಲ್ಲಿ ಪೊಲೀಸರು ಗಾಡಿ ತಡೆಯುವ ಠಾಣೆ. ಸ್ಪೇನಿನ ಇತಿಹಾಸದ ಪುಸ್ತಕದಲ್ಲಿ ತೆರಿಗೆ, ಕರಾಕಸ್ಸಿನ ರಸ್ತೆಯಲ್ಲಿ ತಪಾಸಣೆ: ಭರ್ತೃಹರಿಯ ದೇಶವೂ ಕಾಲವೂ ಎರಡೂ ಇಲ್ಲಿ ಕೆಲಸ ಮಾಡಿವೆ. ನಮ್ಮ ಬೆಂಗಳೂರಿನಲ್ಲೂ ಸುಂಕ ಹೋಗಿ ಸುಂಕದಕಟ್ಟೆ ಉಳಿದಿದೆಯಲ್ಲ.

ಒಂದೇ ಪದಕ್ಕೆ ಇಷ್ಟು ಭಾರ ಹೊರಿಸುವುದು ಭಾಷೆಯ ದೋಷ ಎಂದು ತಿಳಿದವರಿದ್ದಾರೆ. ಆದರೆ ಅಮೆರಿಕದ ಜಾರ್ಜ್ ಜಿಫ್ 1945ರಲ್ಲೇ ಒಂದು ಸಂಗತಿ ತೋರಿಸಿಕೊಟ್ಟಿದ್ದರು: ಹೆಚ್ಚು ಬಳಕೆಯ ಪದಕ್ಕೆ ಹೆಚ್ಚು ಅರ್ಥ. ನಮ್ಮ 'ಹೊಡಿ' ಸಾಕು ಇದಕ್ಕೆ. ಚೆಂಡು ಹೊಡಿ, ಬಂಡಿ ಹೊಡಿ, ಬಣ್ಣ ಹೊಡಿ, ಗಂಟೆ ಹೊಡಿ, ನಿದ್ದೆ ಹೊಡಿ. 2012ರಲ್ಲಿ ಸ್ಟೀವನ್ ಪಿಯಾಂಟಡೋಸಿ ಮತ್ತು ಸಂಗಡಿಗರು ಇಂಗ್ಲಿಷ್, ಜರ್ಮನ್, ಡಚ್ ಪದಗಳನ್ನು ಪರೀಕ್ಷಿಸಿ ಇದರ ಕಾರಣ ವಿವರಿಸಿದರು. ಸಂದರ್ಭ ಹೇಗೂ ಅರ್ಧ ಮಾಹಿತಿ ಕೊಡುತ್ತಿರುವಾಗ, ಚಿಕ್ಕದಾದ, ನಾಲಗೆಗೆ ಸುಲಭವಾದ ಪದಗಳನ್ನೇ ಮತ್ತೆ ಮತ್ತೆ ದುಡಿಸಿಕೊಳ್ಳುವುದು ಭಾಷೆಗೆ ಲಾಭ. ಪ್ರತಿ ಅರ್ಥಕ್ಕೂ ಬೇರೆ ಪದ ಇಟ್ಟುಕೊಂಡರೆ ಪದಗಳು ಉದ್ದವಾಗುತ್ತವೆ, ನೆನಪಿಗೆ ಹೊರೆಯಾಗುತ್ತವೆ. ರೊಟ್ಟಿ ಬಡಿಯುತ್ತಿದ್ದ ಆ ತಾಯಿ ಒಂದೇ ಹಂಚಿನಿಂದ ಎರಡು ಕೆಲಸ ಮಾಡಿಸಿಕೊಂಡಳು, ಮಗಳಿಗೆ ಅದು ಭಾರವೆನಿಸಲಿಲ್ಲ.

ಭಾರವೆನಿಸಿದ್ದು ಯಂತ್ರಕ್ಕೆ. ಯಂತ್ರಾನುವಾದ ಪೂರ್ತಿ ಸಾಧ್ಯವಿಲ್ಲ ಎಂದು 1960ರಲ್ಲಿ ಯೆಹೋಶುವಾ ಬಾರ್-ಹಿಲೆಲ್ ವಾದಿಸಿದ್ದು ಒಂದು ಪುಟ್ಟ ವಾಕ್ಯ ಹಿಡಿದು: ಪೆಟ್ಟಿಗೆ ಪೆನ್ನಿನಲ್ಲಿತ್ತು. ಮಕ್ಕಳು ಆಡುವ ಕಟಕಟೆಗೂ ಇಂಗ್ಲಿಷಿನಲ್ಲಿ ಪೆನ್ ಎನ್ನುತ್ತಾರೆ. ಬರೆಯುವ ಪೆನ್ನಿನೊಳಗೆ ಪೆಟ್ಟಿಗೆ ಹಿಡಿಸದು ಎಂಬ ಲೋಕಜ್ಞಾನ ಯಂತ್ರಕ್ಕೆಲ್ಲಿಂದ ಬರಬೇಕು? 2013ರ ವರ್ಡ್‌ಟುವೆಕ್ ಎಂಬ ತಂತ್ರವೂ ಒಂದು ಪದಕ್ಕೆ ಒಂದೇ ಅಂಕಿಸಾಲು ಕೊಡುತ್ತಿತ್ತು, ಹಂಚು ಎರಡಿದ್ದರೂ ಒಂದೇ. 2018ರ ಬರ್ಟ್‌ನಂತಹ ಮಾದರಿಗಳು ಸುತ್ತಲಿನ ಇಡೀ ವಾಕ್ಯ ನೋಡಿ ಪ್ರತಿ ಸಲವೂ ಹೊಸದಾಗಿ ಅಂಕಿಸಾಲು ಕಟ್ಟುತ್ತವೆ. ಅವು ಇದನ್ನು ಕಲಿಯುವುದು ಜನ ಬರೆದಿಟ್ಟ ವಾಕ್ಯಗಳಿಂದಲೇ. ವಾಕ್ಯ ಇಲ್ಲದ ಅರ್ಥ ಅವುಗಳಿಗೆ ಸಿಗುವುದಿಲ್ಲ.

ಮನುಷ್ಯರಿಗೂ ಸಿಗುವುದಿಲ್ಲ. ಕೌಲು ಪತ್ರ ಬರೆಯುವುದು ನಿಂತಿತು, ಕೌಲು ಕೊಟ್ಟ, ಕೌಲು ಮುರಿದ ಎಂಬ ವಾಕ್ಯಗಳು ನಿಂತವು, ಪದ ಮಾತ್ರ ಬಸ್ಸಿನ ಫಲಕದ ಮೇಲೆ ಒಂಟಿಯಾಗಿ ಉಳಿಯಿತು. ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜ ಮುತ್ತಜ್ಜರ ಜಮೀನಿನ, ಅಂಗಡಿಯ ಕಾಗದಗಳಿದ್ದರೆ ಒಮ್ಮೆ ತೆಗೆದು ನೋಡಿ. ಕೌಲು ಎಂಬ ಪದ ಕಂಡರೆ ಅದೊಂದನ್ನೇ ಬರೆದುಕೊಳ್ಳಬೇಡಿ. ಹಿಂದಿನ ಮುಂದಿನ ಸಾಲು, ಊರು, ತಾರೀಖು ಸಮೇತ ಇಡೀ ವಾಕ್ಯವನ್ನು ಬರೆದುಕೊಳ್ಳಿ, ಕಾಗದದ ಫೋಟೋ ತೆಗೆದಿಡಿ. ಬಳ್ಳಾರಿಯಿಂದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ದೂರವಿಲ್ಲ. ಅಲ್ಲಿಗೆ ಒಂದು ಪ್ರತಿ ಕೊಟ್ಟು ಬನ್ನಿ.